ಕರೆಂಟ್ ದರ ಏರಿಸುವ ಕಮಿಷನ್ ಯಾರದ್ದು? ಅಲ್ಲಿ ನನ್ನ ಮಾತು ನಡೆಯುತ್ತದೆಯೇ?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಸಣ್ಣ ಹಿಟ್ಟಿನ ಗಿರಣಿ ಇದೆ. ಹತ್ತು ಎಚ್‌ಪಿ ಮೋಟರ್. ಮನೆಗೆ ಗೃಹಜ್ಯೋತಿ ಇರುವುದರಿಂದ ಬಿಲ್ ಸೊನ್ನೆ. ಗಿರಣಿಯ ಬಿಲ್ ಮಾತ್ರ ಹಗುರವಾಗುವ ಲಕ್ಷಣವೇ ಇಲ್ಲ. ಕೆಲಸ ಇಲ್ಲದ ತಿಂಗಳೂ ನಿಗದಿತ ಶುಲ್ಕ ತಪ್ಪುವುದಿಲ್ಲ. ಆಫೀಸಿನಲ್ಲಿ ಕೇಳಿದರೆ "ನಮ್ಮ ಕೈಲಿ ಏನಿಲ್ಲ, ದರ ಗೊತ್ತು ಮಾಡುವ ಕಮಿಷನ್ ಕೆಇಆರ್‌ಸಿಯ ಆದೇಶ" ಅನ್ನುತ್ತಾರೆ. ಶಾಸಕರನ್ನು ಕೇಳಿದರೆ "ಅದು ಸ್ವತಂತ್ರ ಸಂಸ್ಥೆ, ಸರ್ಕಾರ ಕೈ ಹಾಕುವ ಹಾಗಿಲ್ಲ" ಅನ್ನುತ್ತಾರೆ. ಕರೆಂಟ್ ಕಂಪನಿಯೂ ಸರ್ಕಾರದ್ದೇ, ಕಮಿಷನ್ನಿಗೆ ಜನರನ್ನು ನೇಮಿಸುವುದೂ ಸರ್ಕಾರವೇ. ಮತ್ತೆ ಸ್ವತಂತ್ರ ಹೇಗಾಯಿತು? ಸಾರ್ವಜನಿಕ ವಿಚಾರಣೆ ಬರೀ ನಾಟಕ ಅಂತ ಸಂಘದವರು ಹೇಳುತ್ತಾರೆ. ನಾನು ಆಕ್ಷೇಪಣೆ ಬರೆಯಬೇಕೋ, ಸುಮ್ಮನಿರಬೇಕೋ?

ಉತ್ತರ: ನಿಮ್ಮನ್ನು ಚೆಂಡಿನ ಹಾಗೆ ಅತ್ತಿಂದಿತ್ತ ಒದ್ದಿದ್ದಾರೆ. ಆದರೆ ನಿಮಗೆ ಉತ್ತರ ಕೊಟ್ಟ ಇಬ್ಬರೂ ಪೂರ್ತಿ ಸುಳ್ಳು ಹೇಳಿಲ್ಲ. ಅರ್ಧರ್ಧ ನಿಜ ಹೇಳಿದ್ದಾರೆ. ತೊಂದರೆ ಇರುವುದೇ ಆ ಉಳಿದರ್ಧದಲ್ಲಿ.

ನಾನು ಈ ಕ್ಷೇತ್ರದಲ್ಲಿ ಮೇಜಿನ ಎರಡೂ ಕಡೆ ಕೂತವನು. ಮೊದಲು ಕಂಪನಿಯ ಪರವಾಗಿ ದರ ಏರಿಕೆಯ ಅರ್ಜಿ ತಯಾರಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಗ್ರಾಹಕರಿಗೆ ಆಕ್ಷೇಪಣೆ ಬರೆದುಕೊಡುತ್ತಿದ್ದೇನೆ. ಹಾಗಾಗಿ ಎರಡೂ ಕಡೆಯ ಗುಟ್ಟು ಸ್ವಲ್ಪ ಗೊತ್ತು.

ಈ ಕಮಿಷನ್ ಯಾಕೆ ಹುಟ್ಟಿತು ಅನ್ನುವುದರಿಂದ ಶುರು ಮಾಡೋಣ. ಅದು ಗೊತ್ತಿಲ್ಲದಿದ್ದರೆ "ಸ್ವತಂತ್ರ" ಅನ್ನುವ ಮಾತಿಗೆ ಅರ್ಥವೇ ಸಿಗುವುದಿಲ್ಲ.

ಹಳಬರು ಈಗಲೂ ಕರೆಂಟ್ ಆಫೀಸಿಗೆ "ಕೆಇಬಿ" ಅಂತಲೇ ಅನ್ನುತ್ತಾರೆ, ಅಲ್ವಾ? ಆ ಕಾಲದಲ್ಲಿ ಕಂಬ ನೆಡುವವರೂ ಅವರೇ, ಕರೆಂಟ್ ಮಾರುವವರೂ ಅವರೇ, ದರ ಗೊತ್ತು ಮಾಡುವವರೂ ಅವರೇ. ದರದ ಕೊನೆಯ ಮಾತು ಮಾತ್ರ ಸರ್ಕಾರದ್ದು. 1948ರ ಕಾನೂನಿನ ಪ್ರಕಾರ ಪ್ರತಿ ರಾಜ್ಯದ ವಿದ್ಯುತ್ ಮಂಡಳಿ (ನಮ್ಮಲ್ಲಿ ಅದೇ ಕೆಇಬಿ) ಶೇ 3ರಷ್ಟಾದರೂ ಮಿಗತೆ ತೋರಿಸಬೇಕಿತ್ತು. ದೇಶದ ಬಹುತೇಕ ಮಂಡಳಿಗಳು ತೋರಿಸಿದ್ದು ನಷ್ಟವನ್ನೇ. ಚುನಾವಣೆ ಹತ್ತಿರ ಬಂದರೆ ದರ ಮುಟ್ಟುವವರಿಲ್ಲ. ಚುನಾವಣೆ ಮುಗಿದ ಮೇಲೆ ಏರಿಸಿದರೆ ಯಾಕೆ ಏರಿಸಿದಿರಿ ಅಂತ ಕೇಳಲು ಜನರಿಗೆ ಒಂದು ಜಾಗವೂ ಇರಲಿಲ್ಲ. ಲೆಕ್ಕ ತೋರಿಸಿ ಅಂದರೆ ತೋರಿಸುವ ಕಟ್ಟುಪಾಡೂ ಇರಲಿಲ್ಲ.

ಮಾಲೀಕನೇ ತೀರ್ಪುಗಾರನಾಗಬಾರದು ಅನ್ನುವುದು ಹಳೇ ವಿಚಾರ. ಅಮೆರಿಕದಲ್ಲಿ ರೈಲ್ವೆ ಕಂಪನಿಗಳ ದರ ನೋಡಿಕೊಳ್ಳಲು 1887ರಲ್ಲೇ ಒಂದು ಆಯೋಗ ಮಾಡಿದ್ದರು. ನಮ್ಮಲ್ಲಿ ಇದಕ್ಕೆ ವೇಗ ಬಂದಿದ್ದು 1990ರ ದಶಕದಲ್ಲಿ. ಷೇರುಪೇಟೆಗೆ ಸೆಬಿ 1988ರಲ್ಲಿ ಬಂದರೂ ಅದಕ್ಕೆ ಕಾನೂನಿನ ಹಲ್ಲು ಸಿಕ್ಕಿದ್ದು 1992ರಲ್ಲಿ. ದೂರವಾಣಿಗೆ 1997ರಲ್ಲಿ ಟ್ರಾಯ್ ಬಂತು. ಫೋನ್ ಇಲಾಖೆಯೇ ಅಂಗಡಿ ಇಟ್ಟುಕೊಂಡು, ಪಕ್ಕದಲ್ಲಿ ಅಂಗಡಿ ತೆರೆಯುವ ಖಾಸಗಿಯವನಿಗೆ ನಿಯಮ ಹೇಳಿದರೆ ನಂಬುವವರು ಯಾರು?

ಟ್ರಾಯ್ ಕಥೆಯಲ್ಲಿ ಒಂದು ಪಾಠವೂ ಇದೆ. ಹುಟ್ಟಿದ ಮೂರೇ ವರ್ಷಕ್ಕೆ, 2000ದಲ್ಲಿ, ಸರ್ಕಾರ ಸುಗ್ರೀವಾಜ್ಞೆ ತಂದು ಆ ಮೊದಲ ತಂಡವನ್ನೇ ಮನೆಗೆ ಕಳಿಸಿತು. ವ್ಯಾಜ್ಯ ತೀರಿಸುವ ಅಧಿಕಾರವನ್ನು ಕಿತ್ತು ಬೇರೆ ನ್ಯಾಯಮಂಡಳಿಗೆ ಕೊಟ್ಟಿತು. ಅಂದರೆ ಇಂಥ ಸಂಸ್ಥೆಗಳ ಸ್ವಾತಂತ್ರ್ಯ ಸಂವಿಧಾನ ಕೊಟ್ಟಿದ್ದಲ್ಲ. ಕಾನೂನು ಕೊಟ್ಟಿದ್ದು. ಕಾನೂನು ತಿದ್ದಿದರೆ ಅದೂ ಬದಲಾಗುತ್ತದೆ.

ವಿದ್ಯುತ್ ವಿಷಯದಲ್ಲಿ ಮೊದಲು ಹೆಜ್ಜೆ ಇಟ್ಟಿದ್ದು ಒಡಿಶಾ. 1995ರಲ್ಲಿ ಕಾನೂನು, ಮರುವರ್ಷ ಆಯೋಗ. 1998ರಲ್ಲಿ ಕೇಂದ್ರದ ಕಾನೂನು ಬಂತು. ನಮ್ಮ ರಾಜ್ಯದ ಸುಧಾರಣಾ ಕಾಯ್ದೆ 1999ರ ಜೂನ್ 1ರಿಂದ ಜಾರಿಯಾಯಿತು. ಆಗಸ್ಟ್‌ನಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಅನ್ನುವ ಸರ್ಕಾರಿ ಕಂಪನಿ ಆಯಿತು. ನವೆಂಬರ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ನಿಮ್ಮ ಕೆಇಆರ್‌ಸಿ, ಕೆಲಸ ಶುರು ಮಾಡಿತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಬೇರೆ ಬೇರೆಯಾದವು. ಮೈಸೂರಿನ ಸೆಸ್ಕ್ ಆಮೇಲೆ ಬಂತು. ಮನೆಮನೆಗೆ ಕರೆಂಟ್ ಮಾರುವ ಈ ಕಂಪನಿಗಳಿಗೆ ಒಟ್ಟಾಗಿ ಎಸ್ಕಾಂ ಅನ್ನುತ್ತಾರೆ. ಈಗ ಎಲ್ಲಕ್ಕೂ ಬುಡ 2003ರ ವಿದ್ಯುಚ್ಛಕ್ತಿ ಕಾಯ್ದೆ.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರೋಣ. ಸರ್ಕಾರವೇ ನೇಮಿಸಿದರೆ ಸ್ವತಂತ್ರ ಹೇಗೆ?

ಕಾಗದದ ಮೇಲೆ ಬೇಲಿ ಗಟ್ಟಿಯಾಗಿಯೇ ಇದೆ. ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು. ಆಯ್ಕೆ ಸಮಿತಿಗೆ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರು ಮುಖ್ಯಸ್ಥರು. ಜೊತೆಗೆ ರಾಜ್ಯದ ಮುಖ್ಯ ಕಾರ್ಯದರ್ಶಿ, ಮತ್ತು ಕೇಂದ್ರದ ವಿದ್ಯುತ್ ಸಂಸ್ಥೆಯ ಮುಖ್ಯಸ್ಥರೊಬ್ಬರು. ಒಂದು ಹುದ್ದೆಗೆ ಸಮಿತಿ ಎರಡು ಹೆಸರು ಕೊಡುತ್ತದೆ, ಸರ್ಕಾರ ಒಂದನ್ನು ಆರಿಸುತ್ತದೆ. ಅವಧಿ 5 ವರ್ಷ ಅಥವಾ 65 ವರ್ಷ ವಯಸ್ಸು, ಯಾವುದು ಮೊದಲೋ ಅದು. ಅದೇ ಹುದ್ದೆಗೆ ಮತ್ತೆ ನೇಮಕ ಇಲ್ಲ. ಮಂತ್ರಿಗೆ ಸಿಟ್ಟು ಬಂತು ಅಂತ ವರ್ಗಾವಣೆ ಮಾಡುವ ಹಾಗಿಲ್ಲ. ತೆಗೆಯಬೇಕಾದರೆ ದಿಲ್ಲಿಯಲ್ಲಿರುವ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯ ಅಧ್ಯಕ್ಷರ ವಿಚಾರಣೆ ಆಗಬೇಕು. ಸದಸ್ಯರಲ್ಲಿ ಒಬ್ಬರಾದರೂ ಕಾನೂನು ಬಲ್ಲವರು ಇರಲೇಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಬೇಲಿಯಲ್ಲಿ ಸಂದುಗಳೂ ಇವೆ. ದೇಶದ ತುಂಬ ಇಂಥ ಆಯೋಗಗಳಿಗೆ ಬರುವವರಲ್ಲಿ ನಿವೃತ್ತ ಐಎಎಸ್ ಅಧಿಕಾರಿಗಳು ಮತ್ತು ವಿದ್ಯುತ್ ಕಂಪನಿಗಳಲ್ಲೇ ದುಡಿದ ಎಂಜಿನಿಯರುಗಳೇ ಜಾಸ್ತಿ. ನಿನ್ನೆಯವರೆಗೆ ಸರ್ಕಾರದ ಕಣ್ಣಲ್ಲಿ ನೋಡಿದವರು ಇವತ್ತು ಏಕಾಏಕಿ ಬೇರೆ ಕಣ್ಣಲ್ಲಿ ನೋಡಬೇಕು. ಕೆಲವರು ನೋಡುತ್ತಾರೆ, ಕೆಲವರು ನೋಡುವುದಿಲ್ಲ. ಹುದ್ದೆ ಖಾಲಿಯಾದರೆ ತುಂಬುವುದನ್ನು ಸರ್ಕಾರ ಎಳೆದಾಡಬಹುದು. ಸಾರ್ವಜನಿಕ ಹಿತದ ವಿಷಯದಲ್ಲಿ ಸರ್ಕಾರ ಆಯೋಗಕ್ಕೆ ನೀತಿಯ ನಿರ್ದೇಶನ ಕೊಡಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಯಾವುದು ನೀತಿ, ಯಾವುದು ಒತ್ತಡ? ಗೆರೆ ತೆಳು. ಹಾಗಾಗಿ "ಪೂರ್ತಿ ಸ್ವತಂತ್ರ" ಅನ್ನುವುದನ್ನು ನಾನೂ ನಂಬುವುದಿಲ್ಲ. "ಸರ್ಕಾರದ ಇನ್ನೊಂದು ಇಲಾಖೆ" ಅನ್ನುವುದು ಮಾತ್ರ ತಪ್ಪು.

ಯಾಕೆ ತಪ್ಪು ಅನ್ನಲು 2023 ನೆನಪಿಸಿಕೊಳ್ಳಿ. ಮೇ 10ಕ್ಕೆ ಮತದಾನ, 13ಕ್ಕೆ ಫಲಿತಾಂಶ. ನಡುವೆ, ಮೇ 12ಕ್ಕೆ, ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸುವ ಆದೇಶ ಬಂತು. ಅದು ಏಪ್ರಿಲ್ 1ರಿಂದಲೇ ಅನ್ವಯ. ಹಾಗಾಗಿ ಜೂನ್ ಬಿಲ್ಲಿನಲ್ಲಿ ಹಿಂಬಾಕಿಯೂ ಸೇರಿ ಜನ ಬೆಚ್ಚಿಬಿದ್ದರು. ಹೊಸ ಸರ್ಕಾರ ಬಂದ ತಕ್ಷಣ ಏರಿಸಿತು ಅಂತ ಕೆಲವರು ಬೈದರು, ಹಳೇ ಸರ್ಕಾರ ಹೋಗುವ ಮುಂಚೆ ಇಟ್ಟುಹೋದ ಬಾಂಬು ಅಂತ ಇನ್ನು ಕೆಲವರು ಬೈದರು. ಅಸಲಿಗೆ ಆ ಅರ್ಜಿಗಳು ತಿಂಗಳುಗಳ ಹಿಂದೆಯೇ ಸಲ್ಲಿಕೆಯಾಗಿದ್ದವು, ವಿಚಾರಣೆ ಮುಗಿದಿತ್ತು. ಎಸ್ಕಾಂಗಳು ಕೇಳಿದ್ದು 70 ಪೈಸೆಗಿಂತ ತುಂಬ ಜಾಸ್ತಿ. ಆದೇಶ ಬಂದ ದಿನ ಮಾತ್ರ ಚುನಾವಣೆಯ ಲೆಕ್ಕಕ್ಕೆ ಸಿಕ್ಕಿತು ಅನ್ನುವ ಗುಮಾನಿ ನನಗೂ ಇದೆ. ಮೊತ್ತದ ವಿಷಯ ಬೇರೆ. ಅದಕ್ಕೆ ಪುಟಗಟ್ಟಲೆ ಕಾರಣ ಬರೆದಿದ್ದಾರೆ, ಬೇಕಾದವರು ಓದಬಹುದು.

ಈ "ಕಾರಣ ಬರೆಯುವುದು" ಸಣ್ಣ ಮಾತಲ್ಲ. ಬೆಂಗಳೂರಿನ ಮೆಟ್ರೊ ನೋಡಿ. ಅದಕ್ಕೆ ಕಾಯಂ ದರ ಆಯೋಗ ಇಲ್ಲ. ಬೇಕಾದಾಗ ಒಂದು ಸಮಿತಿ ಮಾಡುತ್ತಾರೆ. 2017ರ ನಂತರ 2025ರ ಫೆಬ್ರವರಿಯಲ್ಲಿ ಒಂದೇ ಸಲ ಏರಿಸಿದರು. ಗಲಾಟೆ ಆದ ಮೇಲೆ ಏರಿಕೆ ಶೇ 71 ದಾಟದ ಹಾಗೆ ತಿದ್ದಿದರು. ಸಮಿತಿಯ ವರದಿ ಜನರ ಕೈಗೆ ಬಂದಿದ್ದು ತಿಂಗಳುಗಳ ನಂತರ, ಅದೂ ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಅದೇ ಊರಿನ ನೀರಿನ ದರ 2014ರಿಂದ 2025ರವರೆಗೆ ಕದಲಲೇ ಇಲ್ಲ. ಆಮೇಲೆ ಒಟ್ಟಿಗೆ ಏರಿತು. ನಿಯಂತ್ರಕ ಸಂಸ್ಥೆ ಇಲ್ಲದ ಕಡೆ ದರ ಕಡಿಮೆ ಇರುತ್ತದೆ ಅಂತೇನಿಲ್ಲ. ವರ್ಷಗಟ್ಟಲೆ ಮಲಗಿ, ಎದ್ದಾಗ ಒದೆಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: ಕಮಿಷನ್ ಇರುವುದು ಕರೆಂಟ್ ಅಗ್ಗ ಮಾಡಲು ಅನ್ನುವುದು. ಅಲ್ಲ. ಕಂಪನಿ ಮಾಡಿದ ನ್ಯಾಯವಾದ ಖರ್ಚು ಅದಕ್ಕೆ ವಾಪಸ್ ಬರಬೇಕು, ಅನ್ಯಾಯದ ಖರ್ಚು ಗ್ರಾಹಕನ ತಲೆಗೆ ಬರಬಾರದು. ಇದನ್ನು ಸೋಸುವುದು ಅದರ ಕೆಲಸ. ಕಂಪನಿ ಇಷ್ಟು ಯೂನಿಟ್ ಕೊಂಡೆ, ತಂತಿಯ ದಾರಿಯಲ್ಲಿ ಇಷ್ಟು ಸೋರಿಕೆಯಾಯಿತು, ಇಷ್ಟು ಬಡ್ಡಿ ಕಟ್ಟಿದೆ ಅಂತ ಲೆಕ್ಕ ಕೊಡುತ್ತದೆ. ಸೋರಿಕೆಗೆ ಆಯೋಗ ಮಿತಿ ಹಾಕುತ್ತದೆ. ಅದರ ಮೇಲೆ ಸೋರಿದರೆ ಕಂಪನಿಯ ಹೊರೆ, ನಿಮ್ಮದಲ್ಲ.

ಕೇಳಲು ಚೆನ್ನಾಗಿದೆ. ಆದರೆ ನಾನು ಆ ಅರ್ಜಿಗಳನ್ನು ಬರೆದವನು, ಅದಕ್ಕೇ ಹೇಳುತ್ತೇನೆ. ಸಂತೆಯಲ್ಲಿ ಎತ್ತಿನ ವ್ಯಾಪಾರಿ ಹೇಳುವ ಮೊದಲ ಬೆಲೆಯ ಹಾಗೆಯೇ ಈ ಅರ್ಜಿಯ ಮೊತ್ತ. ಕತ್ತರಿ ಬೀಳುತ್ತದೆ ಅಂತ ಗೊತ್ತಿದ್ದೇ ಕೇಳುವುದು. ಆದ್ದರಿಂದ "ಕೇಳಿದ್ದರಲ್ಲಿ ಅರ್ಧ ಕಡಿದರು" ಅನ್ನುವ ಸುದ್ದಿಗೆ ಜಾಸ್ತಿ ಹಿಗ್ಗಬೇಡಿ. ಎಷ್ಟೋ ಸಲ ಕಡಿದಿದ್ದು ನಿಜವಾಗಿ ಕಡಿದಿದ್ದೇ ಅಲ್ಲ, ಮುಂದಕ್ಕೆ ಹಾಕಿದ್ದು. ಈ ವರ್ಷ ದರ ಏರಿಸಿದರೆ ಜನ ರೇಗುತ್ತಾರೆ ಅಂತ ಬಾಕಿಯನ್ನು ಮುಂದಿನ ವರ್ಷಗಳಿಗೆ ಎತ್ತಿಡುತ್ತಾರೆ. ಅದು ಬಡ್ಡಿ ಸಮೇತ ವಾಪಸ್ ಬರುತ್ತದೆ. ದಿಲ್ಲಿಯಲ್ಲಿ ಇಂಥ ಬಾಕಿ ಬೆಟ್ಟದಷ್ಟು ಬೆಳೆದು, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳ ಆಯೋಗಗಳಿಗೂ ಇದನ್ನು ಕಾಲಮಿತಿಯಲ್ಲಿ ತೀರಿಸಿ ಅಂತ ತಾಕೀತು ಮಾಡಬೇಕಾಯಿತು.

ಇನ್ನೊಂದು ಕತ್ತಲೆಯ ಮೂಲೆ ಪಂಪ್‌ಸೆಟ್‌ಗಳದ್ದು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಹಳಷ್ಟಕ್ಕೆ ಮೀಟರ್ ಇಲ್ಲ. ಎಷ್ಟು ಉರಿಯಿತು ಅನ್ನುವುದು ಅಂದಾಜು. ರೈತರಿಗೆ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಅಳತೆ ಇಲ್ಲದ ಕಡೆ ಕಳ್ಳತನವನ್ನೂ ಸೋರಿಕೆಯನ್ನೂ "ಪಂಪ್‌ಸೆಟ್ ಬಳಕೆ" ಅಂತ ಬರೆದುಬಿಡುವುದು ಸುಲಭ. ಆಯೋಗ ಮೀಟರ್ ಹಾಕಿ ಅಂತ ವರ್ಷಗಳಿಂದ ಹೇಳುತ್ತಲೇ ಇದೆ. ಅದನ್ನು ಪಾಲಿಸಲು ಬೇಕಾದ ರಾಜಕೀಯ ಧೈರ್ಯ ಆಯೋಗದ ಆದೇಶದಿಂದ ಬರುವುದಿಲ್ಲ.

ಈಗ ನಿಮ್ಮ ಬಿಲ್ಲಿಗೆ ಬರೋಣ. ಗಿರಣಿಯ ಬಿಲ್ಲನ್ನು ಕೈಯಲ್ಲಿ ಹಿಡಿದು ಒಂದೊಂದೇ ಸಾಲು ನೋಡಿ. ನಿಗದಿತ ಶುಲ್ಕ ಮತ್ತು ಯೂನಿಟ್ ದರ ಆಯೋಗದ ಆದೇಶದ್ದು. ಕಂಪನಿ ಕರೆಂಟ್ ಕೊಂಡ ಬೆಲೆ ಏರಿಳಿದಾಗ ಬರುವ ಹೊಂದಾಣಿಕೆಯ ಮೊತ್ತ ತಿಂಗಳು ತಿಂಗಳು ಬದಲಾಗುತ್ತದೆ. ಇದು ತಾನಾಗಿಯೇ ಗ್ರಾಹಕನಿಗೆ ದಾಟಬೇಕು ಅನ್ನುವುದು ಕೇಂದ್ರದ ನಿಯಮ. 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಹೊಸದಾಗಿ ಸೇರಿತು. ಅದು ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯಲ್ಲಿ ಸರ್ಕಾರ ಭರಿಸಬೇಕಿದ್ದ ಪಾಲು. ಸರ್ಕಾರದ ಬೊಕ್ಕಸದಿಂದ ಇಳಿದು ನಿಮ್ಮ ಗಿರಣಿಯ ಹೆಗಲೇರಿದೆ. ನನ್ನನ್ನು ಕೇಳಿದರೆ ಇದು ದರವೇ ಅಲ್ಲ, ಹೊಣೆ ಜಾರಿಸಿದ್ದು.

ಕೊನೆಯ ಸಾಲು ತೆರಿಗೆ. ಸಾಮಾನ್ಯವಾಗಿ ಶೇ 9. ಇದು ಆಯೋಗದ್ದೂ ಅಲ್ಲ, ಎಸ್ಕಾಂನದ್ದೂ ಅಲ್ಲ. ನೇರವಾಗಿ ರಾಜ್ಯ ಸರ್ಕಾರದ್ದು.

ಇಲ್ಲಿ ನಿಮ್ಮ ಶಾಸಕರ ಮಾತಿಗೆ ವಾಪಸ್ ಬರುತ್ತೇನೆ. ದರದ ಆದೇಶಕ್ಕೆ ಸರ್ಕಾರ ಕೈ ಹಾಕುವ ಹಾಗಿಲ್ಲ ಅನ್ನುವುದು ಸರಿ. ಆದರೆ ನಿಮ್ಮ ಮನೆಯ ಬಿಲ್ ಸೊನ್ನೆ ಆಗಿದ್ದು ಹೇಗೆ? ಆಯೋಗ ಮನೆ ಬಳಕೆಗೆ ಸೊನ್ನೆ ದರ ಇಟ್ಟಿಲ್ಲ. ದರ ಇದೆ. ನಿಮ್ಮ ಪರವಾಗಿ ಸರ್ಕಾರ ಕಟ್ಟುತ್ತಿದೆ. ಕಾಯ್ದೆಯ 65ನೇ ಸೆಕ್ಷನ್ ಹೇಳುವುದು ಇಷ್ಟೇ: ಯಾರಿಗೆ ಬೇಕಾದರೂ ಸಹಾಯಧನ ಕೊಡಿ, ಆದರೆ ಹಣ ಮುಂಗಡ ಕೊಡಿ. ವಿದ್ಯುತ್ ಮಗ್ಗದ ನೇಕಾರರಿಗೆ ಸರ್ಕಾರ ಹೀಗೆಯೇ ಕೊಡುತ್ತಿದೆ. ಮನಸ್ಸು ಮಾಡಿದರೆ ಹತ್ತು ಎಚ್‌ಪಿ ಒಳಗಿನ ಹಿಟ್ಟಿನ ಗಿರಣಿಗೂ ಕೊಡಬಹುದು. ತೆರಿಗೆಯನ್ನೂ ಇಳಿಸಬಹುದು. "ಕೈ ಹಾಕುವ ಹಾಗಿಲ್ಲ" ಅನ್ನುವುದು "ಜೇಬಿಗೆ ಕೈ ಹಾಕಲು ಇಷ್ಟ ಇಲ್ಲ" ಅನ್ನುವುದರ ಮರ್ಯಾದೆಯ ರೂಪ. ಸಂಘದಿಂದ ಅರ್ಜಿ ಕೊಡುವುದಾದರೆ "ದರ ಇಳಿಸಿ" ಅಂತ ಬರೆಯಬೇಡಿ, ಅದನ್ನು ಸುಲಭವಾಗಿ ತಳ್ಳಿಹಾಕುತ್ತಾರೆ. "65ನೇ ಸೆಕ್ಷನ್ನಿನಡಿ ಸಹಾಯಧನ ಕೊಡಿ, ತೆರಿಗೆ ಇಳಿಸಿ" ಅಂತ ಬರೆಯಿರಿ. ಇದರಲ್ಲೂ ಅಪಾಯ ಇದೆ. ಸಹಾಯಧನ ಬಜೆಟ್ಟಿನ ಕೃಪೆ. ಒಂದು ವರ್ಷ ಬಂದು ಮರುವರ್ಷ ನಿಂತರೆ ಕೇಳುವ ಹಕ್ಕು ಇರುವುದಿಲ್ಲ.

ನಿಗದಿತ ಶುಲ್ಕದ ಬಗ್ಗೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕಂಪನಿಯ ವಾದ ಹೀಗೆ: ನೀವು ಮೋಟರ್ ಹಾಕದಿದ್ದರೂ ನಿಮಗಾಗಿ ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್ ಎಲ್ಲ ಕಾದಿರಬೇಕು. ಇದರಲ್ಲಿ ಹುರುಳಿದೆ. ಆದರೆ ಇತ್ತೀಚಿನ ಆದೇಶಗಳಲ್ಲಿ ಯೂನಿಟ್ ದರ ತುಸು ಇಳಿಸಿ ನಿಗದಿತ ಶುಲ್ಕ ಏರಿಸುವ ಒಲವು ಕಾಣುತ್ತಿದೆ. ದಿನವಿಡೀ ಓಡುವ ಕಾರ್ಖಾನೆಗೆ ಅದು ಹಗುರ, ದಿನಕ್ಕೆ ಮೂರು ತಾಸು ಓಡುವ ಗಿರಣಿಗೆ ಭಾರ. ನಿಮ್ಮ ಆಕ್ಷೇಪಣೆಯ ಜೀವ ಇರುವುದು ಇಲ್ಲಿಯೇ.

ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಮಂಜೂರಾದ ಲೋಡ್ ಎಷ್ಟು, ನಿಜವಾಗಿ ಬೇಕಾಗಿರುವುದು ಎಷ್ಟು ನೋಡಿ. ಹಳೇ ಕಾಲದ ಎರಡು ಮೋಟರಿನ ಲೆಕ್ಕದಲ್ಲಿ ತೆಗೆದ ಲೋಡ್ ಹಾಗೇ ಉಳಿದಿರುವ ಗಿರಣಿಗಳನ್ನು ಬಹಳ ನೋಡಿದ್ದೇನೆ. ಇಳಿಸಿದರೆ ನಿಗದಿತ ಶುಲ್ಕ ಇಳಿಯುತ್ತದೆ. ಆದರೆ ತೀರಾ ಬಿಗಿ ಮಾಡಬೇಡಿ. ಮಂಜೂರಾದದ್ದಕ್ಕಿಂತ ಜಾಸ್ತಿ ಎಳೆದರೆ ದಂಡ ಬೀಳುತ್ತದೆ, ಮತ್ತೆ ಏರಿಸಲು ಹೊಸದಾಗಿ ಹಣ ಕಟ್ಟಬೇಕು. ವರ್ಷದಲ್ಲಿ ಕೆಲವೇ ತಿಂಗಳು ನಡೆಯುವ ಉದ್ದಿಮೆಗಳಿಗೆ ದರದ ಆದೇಶದಲ್ಲೇ ರಿಯಾಯಿತಿ ಇದೆ. ಷರತ್ತು ಜಾಸ್ತಿ, ಹಿಟ್ಟಿನ ಗಿರಣಿಗೆ ಸುಲಭಕ್ಕೆ ಹೊಂದುವುದಿಲ್ಲ. ಆದರೂ ಕೇಳಿ ನೋಡಿ, ನಷ್ಟವೇನಿಲ್ಲ.

ಮೀಟರ್ ತಪ್ಪು, ಬಿಲ್ ತಪ್ಪು, ಬೇರೆ ವರ್ಗದ ದರ ಹಾಕಿದ್ದಾರೆ ಅಂದರೆ ಅದು ದರದ ಜಗಳ ಅಲ್ಲ. ಅದಕ್ಕೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅಲ್ಲಿ ನ್ಯಾಯ ಸಿಗದಿದ್ದರೆ ದೂರು ಕೇಳುವ ಮೇಲಿನ ಅಧಿಕಾರಿ, ವಿದ್ಯುತ್ ಒಂಬುಡ್ಸ್‌ಮನ್, ಇದ್ದಾರೆ. ಜನ ಇವೆರಡನ್ನು ಕಲಸುತ್ತಾರೆ. ವೇದಿಕೆಗೆ ಹೋಗಿ ದರ ಇಳಿಸಿ ಅನ್ನುತ್ತಾರೆ, ದರದ ವಿಚಾರಣೆಗೆ ಬಂದು ನಮ್ಮೂರ ಟಿಸಿ ಸುಟ್ಟಿದೆ ಅನ್ನುತ್ತಾರೆ. ಎರಡೂ ಕಡೆ ಬರಿಗೈ.

ವಿಚಾರಣೆ ನಾಟಕವೇ? ಕೆಲವು ದಿನ ನಾಟಕದ ಹಾಗೆ ಕಾಣುತ್ತದೆ, ಅದನ್ನು ಒಪ್ಪುತ್ತೇನೆ. ಒಬ್ಬರಾದ ಮೇಲೆ ಒಬ್ಬರು ಎದ್ದು "ಏರಿಸಬೇಡಿ" ಅನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ, ಊಟಕ್ಕೆ ಏಳುತ್ತಾರೆ. ಆ ಮಾತು ಆದೇಶದಲ್ಲಿ "ಕೆಲವರು ಏರಿಕೆ ವಿರೋಧಿಸಿದರು" ಅಂತ ಒಂದು ಸಾಲಾಗುತ್ತದೆ. ಆದರೆ ಗ್ರಾಹಕರ ಮಾತು ಕೇಳದೆ ದರ ಮಾಡುವ ಹಾಗಿಲ್ಲ ಅಂತ 2002ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಬರೆದು ಕೊಟ್ಟ ಆಕ್ಷೇಪಣೆಗೆ ಕಂಪನಿ ಉತ್ತರ ಕೊಡಬೇಕು, ಆಯೋಗ ತನ್ನ ಅಭಿಪ್ರಾಯ ಬರೆಯಬೇಕು. ನಾನು ಕಂಪನಿ ಕಡೆ ಕೂತಿದ್ದಾಗ ಭಾಷಣಗಳಿಗೆ ಹೆದರಿದ್ದಿಲ್ಲ. ಒಮ್ಮೆ ವಯಸ್ಸಾದ ಮೇಷ್ಟ್ರೊಬ್ಬರು ನಮ್ಮದೇ ಅರ್ಜಿಯ ಎರಡು ಪುಟ ತೆಗೆದು, "ಇಲ್ಲಿ ಒಂದು ಅಂಕಿ, ಅಲ್ಲಿ ಇನ್ನೊಂದು, ಯಾವುದು ಸರಿ?" ಅಂತ ಕೇಳಿ ಕೂತುಬಿಟ್ಟರು. ಆ ರಾತ್ರಿ ನಮಗೆ ನಿದ್ದೆ ಇಲ್ಲ.

ನೀವು ಬರೆಯುವುದಾದರೆ ಒಂದೇ ವಿಷಯ ಹಿಡಿಯಿರಿ. ಹನ್ನೆರಡು ತಿಂಗಳ ಬಿಲ್ ಜೋಡಿಸಿ, ಪ್ರತಿ ತಿಂಗಳು ಕಟ್ಟಿದ ಒಟ್ಟು ಹಣವನ್ನು ಉರಿಸಿದ ಯೂನಿಟ್‌ಗೆ ಭಾಗಿಸಿ. ಕೆಲಸ ಕಡಿಮೆ ಇದ್ದ ತಿಂಗಳಲ್ಲಿ ಒಂದು ಯೂನಿಟ್ ನಿಜವಾಗಿ ಎಷ್ಟು ಬಿತ್ತು ಅನ್ನುವುದು ಎದ್ದು ಕಾಣುತ್ತದೆ. ನಿಮ್ಮಂಥ ಹತ್ತು ಗಿರಣಿಗಳ ಲೆಕ್ಕ ಸೇರಿದರೆ ಅದಕ್ಕೆ ತೂಕ ಜಾಸ್ತಿ. ಸಣ್ಣ ಗಿರಣಿಗೆ ನಿಗದಿತ ಶುಲ್ಕದ ಬೇರೆ ಹಂತ ಬೇಕು ಅಂತ ಕೇಳಿ. ಆ ಕಡಿಮೆಯಾದ ಹಣ ಎಲ್ಲಿಂದ ತುಂಬಬೇಕು ಅಂತ ಅವರು ಕೇಳುತ್ತಾರೆ. ಅದಕ್ಕೂ ಒಂದು ಉತ್ತರ ಇಟ್ಟುಕೊಳ್ಳಿ.

ಆದೇಶ ಬಂದ ಮೇಲೂ ಒಪ್ಪಿಗೆ ಆಗದಿದ್ದರೆ 45 ದಿನದೊಳಗೆ ದಿಲ್ಲಿಯ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ಒಬ್ಬ ಗಿರಣಿಯವರಿಗೆ ಅದು ಆಗುವ ಮಾತಲ್ಲ. ವಕೀಲರ ಖರ್ಚಿನಲ್ಲಿ ಇನ್ನೊಂದು ಗಿರಣಿ ಹಾಕಬಹುದು. ಹೋಗುವುದಾದರೆ ಜಿಲ್ಲೆಯ ಅಥವಾ ರಾಜ್ಯದ ಸಂಘವೇ ಹೋಗಬೇಕು.

ಸಮಯದ ಬಗ್ಗೆ ಒಂದು ಮಾತು. 2025ರ ಮಾರ್ಚ್‌ನ ಆದೇಶ ಮೂರು ವರ್ಷಕ್ಕೆ, ಅಂದರೆ 2027-28ರವರೆಗೆ ಒಟ್ಟಿಗೆ ಬಂದಿದೆ. ಹಾಗಂತ ಅಲ್ಲಿಯವರೆಗೆ ಬಾಗಿಲು ಮುಚ್ಚಿಲ್ಲ. ಎಸ್ಕಾಂಗಳು ಪ್ರತಿ ವರ್ಷ ಹಿಂದಿನ ಲೆಕ್ಕದ ಪರಿಶೀಲನೆಗೆ ಅರ್ಜಿ ಹಾಕುತ್ತವೆ, ಸಾಮಾನ್ಯವಾಗಿ ನವೆಂಬರ್ ಕೊನೆಗೆ. ಆಮೇಲೆ ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತದೆ. ಸಣ್ಣ ಅಕ್ಷರ, ಒಳಪುಟ, ಯಾರೂ ಓದುವುದಿಲ್ಲ. ಆಕ್ಷೇಪಣೆಗೆ ಕೊನೇ ದಿನ, ಎಷ್ಟು ಪ್ರತಿ ಕೊಡಬೇಕು, ವಿಚಾರಣೆ ಎಲ್ಲಿ ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಕಂಪನಿಗೊಂದು ಪ್ರತಿ, ಬೆಂಗಳೂರಿನ ವಸಂತನಗರದಲ್ಲಿರುವ ಆಯೋಗಕ್ಕೆ ಒಂದು. "ನನಗೆ ಮಾತಾಡಲು ಅವಕಾಶ ಬೇಕು" ಅನ್ನುವ ಸಾಲನ್ನು ಮರೆಯಬೇಡಿ. ಮುಂದಿನ ಡಿಸೆಂಬರ್‌ನಲ್ಲಿ ಪೇಪರ್ ಬಂದ ತಕ್ಷಣ ಒಳಪುಟ ಒಮ್ಮೆ ತಿರುವಿ ಹಾಕಿ.